ದೊಡ್ಡಪ್ಪ ಸಾಯವಲ್ಲ

ಶಿವರಾಯನ ಗ್ರಹಚಾರ ಕೆಟ್ಟದ್ದು ಒಂದು ಹೆಸರಿನಿಂದ. ಆ ಹೆಸರನ್ನು ಇಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬುದ್ಧಿ ಕೈಕೊಟ್ಟ ಒಂದು ಗಳಿಗೆಯಲ್ಲಿ ತಾನಾಗಿಯೇ ಇಟ್ಟ, ಅದೂ ಕಂಪ್ಯೂಟರಿನ ಹೊಟ್ಟೆಯೊಳಗೆ. ಅಲ್ಲಿಂದ ಎದ್ದು ಅದು ಅವನ ಊರು ಇಜೇರಿಯವರೆಗೂ ಬಂದು ತನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆಂದು ಪಾಪ, ಅವನಿಗೇನು ಗೊತ್ತು.

ತೊಂಬತ್ನಾಲ್ಕನೇ ಇಸವಿಯ ಮಾತು. ಇಜೇರಿಯಿಂದ ಗುಲ್ಬರ್ಗಾಕ್ಕೆ ಹೋಗಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದವನು ಅವನೊಬ್ಬನೇ. ಕೊನೆಯ ವರ್ಷ. ಪಾಸಾಗಬೇಕಾದರೆ ತನ್ನ ಕೈಯಾರೆ ಒಂದು ಪ್ರೋಗ್ರಾಂ ಬರೆದು ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕು. ಬಾಕಿ ಹುಡುಗರು ರೈಲಿನ ವೇಳಾಪಟ್ಟಿ, ಗ್ರಂಥಾಲಯದ ಪುಸ್ತಕ ಎಂದು ಮರ್ಯಾದೆಯ ಕೆಲಸ ಹಿಡಿದರು. ಶಿವರಾಯ ಮತ್ತು ಅವನ ಜೋಡಿದಾರ, ಅಫಜಲಪುರದ ಗೌಸಮೊಹಿದ್ದೀನ, ಇಬ್ಬರೂ ವಿಡಿಯೋ ಗೇಮ್ ಮಾಡುತ್ತೇವೆಂದು ಹಟ ಹಿಡಿದರು.

ಆಟ ಸರಳ. ಒಬ್ಬ ಹುಡುಗ ಊರು ದಾಟಿ ಹೊರಗೆ ಹೋಗಬೇಕು, ಊರಿಗೆ ಮೂರು ಅಗಸಿ, ಅಂದರೆ ಹೆಬ್ಬಾಗಿಲು. ಮೊದಲನೇ ಅಗಸಿಯಲ್ಲಿ ನಾಯಿ, ಎರಡನೆಯದರಲ್ಲಿ ಗೂಳಿ, ಮೂರನೆಯದರಲ್ಲಿ ದೊಡ್ಡ ಮೀಸೆಯ ಒಬ್ಬ ರಾಕ್ಷಸ ಬಡಿಗೆ ಹಿಡಿದು ಕೂತಿರುತ್ತಾನೆ. "ಎಲ್ಲಿಗೆ ಹೊಂಟಿ?" ಎಂದು ಕೇಳಿ ತಲೆಗೆ ಬಾರಿಸುತ್ತಾನೆ. ಅವನನ್ನು ಹತ್ತು ಏಟಿಗೆ ಕೊಂದರೆ ಆಟ ಗೆದ್ದಂತೆ. ರಾಕ್ಷಸನಿಗೆ ಒಂದು ಹೆಸರು ಬೇಕಲ್ಲ? ಶಿವರಾಯ ಹಿಂದೆಮುಂದೆ ನೋಡದೆ ಇಟ್ಟ ಹೆಸರು, ದೊಡ್ಡಪ್ಪ.

ದೊಡ್ಡಪ್ಪ ಅವನ ಅಪ್ಪನ ಅಣ್ಣ. ಹೆಸರೂ ದೊಡ್ಡಪ್ಪ, ಸಂಬಂಧದಲ್ಲೂ ದೊಡ್ಡಪ್ಪ. ಅಪ್ಪ ಇಲ್ಲದ ಶಿವರಾಯನನ್ನು ಸಾಕಿದವನೂ ಅವನೇ, ಮನೆಯ ಅಗಸಿಬಾಗಿಲಲ್ಲಿ ಬಡಿಗೆ ಹಿಡಿದು ಕೂತು "ಎಲ್ಲಿಗೆ ಹೊಂಟಿ?" ಎಂದು ದಿನಕ್ಕೆ ಎಂಟು ಸಲ ಕೇಳುತ್ತಿದ್ದವನೂ ಅವನೇ. ಜೇವರ್ಗಿಯಲ್ಲಿ ಅವನದೊಂದು ತೊಗರಿಯ ದಾಲ್ ಮಿಲ್ಲು ಇತ್ತು. "ಈ ಸಲ ಪಾಸಾಗದಿದ್ರ ಮಿಲ್ಲಿನ್ಯಾಗ ಬಂದು ಕೂಡು" ಎಂದು ಅಂದುಬಿಟ್ಟಿದ್ದ. ಆ ಮಿಲ್ಲಿನ ಧೂಳು, ಆ ಗದ್ದಲ ನೆನೆಸಿಕೊಂಡರೇ ಶಿವರಾಯನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಇತ್ತ ದೊಡ್ಡಪ್ಪನ ಮೈಗೂ ಏನೂ ಹತ್ತುತ್ತಿರಲಿಲ್ಲ. ಪುಷ್ಯ ಮಾಸದಲ್ಲಿ ಒಂದು ದಿನ ಎದೆ ಹಿಡಿದಂತಾಗಿ ಗುಲ್ಬರ್ಗಾದ ಡಾಕ್ಟರ ಹತ್ತಿರ ಹೋಗಿದ್ದ. ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟು, "ಆರು ತಿಂಗಳು ನೋಡೋಣ" ಅಂದಿದ್ದರು. ಅಷ್ಟೇ. ಏನು ನೋಡೋಣ, ಯಾರು ನೋಡೋಣ, ಆಮೇಲೆ ಏನು ಎಂದು ಹೇಳಿರಲಿಲ್ಲ. ಈಗ ಆಷಾಢ. ಆರು ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು. ದೊಡ್ಡಪ್ಪ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತೇ ಇರುತ್ತಿದ್ದ. ಊರ ಮಂದಿ ದಿನಾ ಬಂದು, ಸತ್ತವರ ಮನೆಗೆ ಬಂದವರ ಹಾಗೆ ಮುಖ ಮಾಡಿಕೊಂಡು, "ಏನೂ ಆಗಂಗಿಲ್ಲ ಬಿಡ್ರಿ" ಎಂದು ಹೇಳಿ ಹೋಗುತ್ತಿದ್ದರು.

ಪರೀಕ್ಷೆ ಶುಕ್ರವಾರ ಎಂದುಕೊಂಡು ಶಿವರಾಯ ಅವ್ವನನ್ನು ನೋಡಲು ಊರಿಗೆ ಬಂದಿದ್ದ. ಸೋಮವಾರ ಬೆಳಿಗ್ಗೆ ಅವನು ಬಾವಿಗೆ ಸ್ನಾನಕ್ಕೆ ಹೋಗಿದ್ದಾಗ ಜೇವರ್ಗಿಯಿಂದ ಬರುವ ಮೊದಲ ಬಸ್ಸಿನಿಂದ ತಂತಿ ತರುವ ಹಸನಸಾಬ ಇಳಿದ. ತಂತಿ ಎಂದರೆ ಸಾವು, ಇದು ಆ ಕಾಲದ ಲೆಕ್ಕ. ಹಸನಸಾಬನನ್ನು ಕಂಡದ್ದೇ ಪಕ್ಕದ ಮನೆಯ ಸುಂದರಬಾಯಿ ಸೆರಗು ಬಾಯಿಗೆ ಹಿಡಿದು ಓಡಿ ಬಂದಳು. ಸತ್ತವರನ್ನು ಹಾಡಿ ಅಳುವುದರಲ್ಲಿ ಅವಳಿಗೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಿತ್ತು.

"ಎಂಥಾ ಮನಷ್ಯಾ ಇದ್ಯೋ ಯಪ್ಪಾ, ಹ್ಯಾಂಗ ಬಿಟ್ಟು ಹೋದ್ಯೋ..."

"ತಡಿ ಬೇ, ಇನ್ನಾ ಓದಿಲ್ಲ," ಎಂದ ದತ್ತಪ್ಪ. ಊರಿನ ಶಾಲೆಗೂ ಮಾಸ್ತರ, ಪೋಸ್ಟಿಗೂ ಮಾಸ್ತರ ಅವನೇ.

"ನೀವು ಓದ್ರಿ ಮಾಸ್ತರ, ಅಷ್ಟರಾಗ ನಾ ಶುರು ಮಾಡಿರ್ತೇನಿ," ಎಂದು ಸುಂದರಬಾಯಿ ಹೆಸರಿನ ಜಾಗ ಖಾಲಿ ಬಿಟ್ಟು ಅಳು ಮುಂದುವರಿಸಿದಳು.

ತಂತಿ ಶಿವರಾಯನ ಹೆಸರಿಗೇ ಬಂದಿತ್ತು. ಆದರೆ ತಂತಿ ಬಂದ ಮೇಲೆ ಯಾರ ಹೆಸರಿಗೆ ಎಂದು ನೋಡುವ ರೂಢಿ ಇಜೇರಿಯಲ್ಲಿರಲಿಲ್ಲ. ಕಟ್ಟೆಯ ಮೇಲೆ ದೊಡ್ಡಪ್ಪ, ಕೆಳಗೆ ಅರ್ಧ ಊರು. ದತ್ತಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ.

"ದೊಡ್ಡಪ್ಪ ನಾಟ್ ಡೈಯಿಂಗ್. ಎಕ್ಸಾಮಿನರ್ ಕಮಿಂಗ್ ಮಂಡೇ ಥ್ರೀ. ಕಮ್ ಕಿಲ್ ದೊಡ್ಡಪ್ಪ. ಗೌಸ್."

"ಕನ್ನಡದಾಗ ಹೇಳ್ರಿ," ಎಂದ ದೊಡ್ಡಪ್ಪ. ತನ್ನ ಹೆಸರು ಎರಡು ಸಲ ಬಂದದ್ದು ಅವನಿಗೆ ಕೇಳಿಸಿತ್ತು.

ದತ್ತಪ್ಪ ತಂತಿಯನ್ನು ಮತ್ತೊಮ್ಮೆ ಕಣ್ಣ ಹತ್ತಿರ ಹಿಡಿದ. "ಹ್ಯಾಂಗ ಹೇಳ್ಲಿ ಗೌಡ್ರ? ದೊಡ್ಡಪ್ಪ ಸಾಯವಲ್ಲ... ವರ್ತಮಾನ ಕಾಲ ಅದ. ಸೋಮವಾರ ಮೂರಕ್ಕ ತಪಾಸ ಮಾಡೋರು ಬರ್ತಾರ, ಅಂದ್ರ ಡಾಕ್ಟರ ಇರಬೇಕು. ಅಷ್ಟರಾಗ ಬಂದು..." ಎಂದು ನಿಂತ.

"ಬಂದು?"

"ಕೊಲ್ಲು ಅಂತ ಅದ್ರಿ. ಆಜ್ಞಾರ್ಥ."

ಸುಂದರಬಾಯಿ ಕೂಡ ಅಳು ನಿಲ್ಲಿಸಿದಳು. ಇಂಥಾದ್ದಕ್ಕೆ ಯಾವ ಹಾಡು ಹಾಡಬೇಕೆಂದು ಅವಳಿಗೂ ಹೊಳೆಯಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಶಿವರಾಯ ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಸಣ್ಣಗೆ ಸಿಳ್ಳೆ ಹಾಕುತ್ತ ಬಂದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ಬಾರಪ್ಪಾ ಬಾ," ಎಂದ ದೊಡ್ಡಪ್ಪ. "ನಿನಗ ಅವಸರ ಅದ ಅಂತ. ನಾ ಲಗೂ ಸಾಯವಲ್ಲೆ ಅಂತ."

ತಂತಿ ಓದಿಕೊಂಡ ಶಿವರಾಯನಿಗೆ ಮೊದಲು ಹೊಡೆದದ್ದು ದೊಡ್ಡಪ್ಪನ ಮಾತಲ್ಲ; ಪರೀಕ್ಷೆ ಇವತ್ತೇ, ಮೂರು ಗಂಟೆಗೆ! "ಅಯ್ಯಯ್ಯೋ, ಸತ್ತೆ!" ಎಂದು ಕೂಗಿದ.

"ನೀ ಯಾಕ್ ಸಾಯ್ತಿ? ನೀ ಕೊಲ್ಲಾಂವ ಅಲ್ಲೇನು?" ಎಂದ ದತ್ತಪ್ಪ.

"ಮಾಸ್ತರ, ಇದು ಈ ದೊಡ್ಡಪ್ಪ ಅಲ್ರಿ, ಬ್ಯಾರೆ ದೊಡ್ಡಪ್ಪ!"

"ನಿನಗ ಎಷ್ಟು ಮಂದಿ ದೊಡ್ಡಪ್ಪಂದಿರು ಇದ್ದಾರಲೇ?" ದೊಡ್ಡಪ್ಪ ಗುಡುಗಿದ.

ಬೇರೆ ದಾರಿಯಿಲ್ಲದೆ ಶಿವರಾಯ ಎಲ್ಲವನ್ನೂ ಬಾಯಿ ಬಿಟ್ಟ. ಆಟ, ಅಗಸಿ, ನಾಯಿ, ಗೂಳಿ. ಮೂರನೇ ಅಗಸಿಗೆ ಬರುವಷ್ಟರಲ್ಲಿ ಅವನ ಧ್ವನಿ ಇಲಿಯ ಧ್ವನಿಯಾಗಿತ್ತು. ಜನಕ್ಕೆ ಅರ್ಥವಾದದ್ದು ಒಂದೇ: ದೊಡ್ಡಪ್ಪನನ್ನು ಇವನು ರಾಕ್ಷಸ ಮಾಡಿದ್ದಾನೆ, ಗುಲ್ಬರ್ಗಾದಲ್ಲಿ ಪೆಟ್ಟಿಗೆಯೊಳಗೆ ಕೂಡಿಹಾಕಿ ದಿನಾ ಹೊಡೆಯುತ್ತಿದ್ದಾನೆ.

"ಅದಕ್ಕs ಪುಷ್ಯದಿಂದ ಗೌಡ್ರ ಎದಿ ಹಿಡಿಯಾಕತ್ತದ," ಎಂದಳು ಸುಂದರಬಾಯಿ. "ನೀ ಈ ಆಟ ಯಾವಾಗ ಶುರು ಮಾಡಿದ್ಯೋ ತಮ್ಮಾ?"

ಶಿವರಾಯ ಲೆಕ್ಕ ಹಾಕಿದ. ಹಾಳಾದ್ದು, ಪುಷ್ಯದಲ್ಲೇ.

ಅವ್ವ ಗುರುಶಾಂತಮ್ಮ ಬಾಗಿಲಲ್ಲೇ ಕುಸಿದು ಕೂತಳು. "ಸಾಕಿ ಸಲಹಿದವ್ರಲ್ಲೋ ಅವ್ರು. ನಿನ್ನ ಅಪ್ಪ ಹೋದ ದಿನ ನಿನ್ನ ಹೆಗಲ ಮ್ಯಾಲ ಹೊತ್ಕೊಂಡು ನಿಂತವ್ರು. ಅವ್ರ ಹೆಸರು ಆ ರಾಕ್ಷಸಗ ಇಟ್ಟೆಲ್ಲೋ!" ಶಿವರಾಯನಿಗೆ ನಿಜಕ್ಕೂ ನಾಚಿಕೆಯಾಯಿತು. ಅಳುವೇ ಬಂತು. ಆದರೆ ಗಡಿಯಾರ ಒಂಬತ್ತು ಬಾರಿಸಿತು, ಅಳಲು ಪುರಸೊತ್ತು ಇರಲಿಲ್ಲ. ಅಷ್ಟರಲ್ಲಿ ಹಸನಸಾಬ ಬಂದ ಬಸ್ಸಿಗೇ ವಾಪಸ್ ಜೇವರ್ಗಿಗೆ ಹೋಗಿಯಾಗಿತ್ತು. ಇನ್ನು ಹನ್ನೊಂದರ ಬಸ್ಸೇ ಗತಿ.

"ದೊಡ್ಡಪ್ಪಾ, ಕಾಲು ಹಿಡ್ಕೋತೇನಿ. ನನಗ ಹೋಗಗೊಡ್ರಿ. ಇವತ್ತು ಹೋಗದಿದ್ರ ಫೇಲ್ ಆಗ್ತೇನಿ."

ದೊಡ್ಡಪ್ಪ ಒಳಗಿನಿಂದ ವಿಭೂತಿ ಗಟ್ಟಿ ತರಿಸಿದ. "ಇದರ ಮ್ಯಾಲ ಕೈ ಇಡು. ದೊಡ್ಡಪ್ಪನ್ನ ಕೊಲ್ಲಂಗಿಲ್ಲಂತ ಆಣಿ ಮಾಡು. ಮನ್ಯಾಗೂ ಇಲ್ಲ, ಪೆಟ್ಟಿಗ್ಯಾಗೂ ಇಲ್ಲ."

"ಕೊಲ್ಲದಿದ್ರ ಆಟ ಮುಗಿಯಂಗಿಲ್ರಿ. ಯಾರರೆ ಸಾಯಬೇಕ್ರಿ ಅಲ್ಲಿ."

"ಸಾಯಲಿ. ನಾ ಬ್ಯಾಡ ಅನ್ನಂಗಿಲ್ಲ," ಎಂದು ದೊಡ್ಡಪ್ಪ ಮೀಸೆ ಒರೆಸಿಕೊಂಡ. ಆರು ತಿಂಗಳಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಸ್ವಲ್ಪ ಜೀವ ಬಂತು. "ನಿಂಬರ್ಗಾದ ಮಹಾದೇವಪ್ಪನ್ನ ಕೊಲ್ಲು."

ನಿಂಬರ್ಗಾದ ಮಹಾದೇವಪ್ಪ ಮೂವತ್ತು ವರ್ಷದ ಹಿಂದೆ ಅಂದೋಲಾದ ಒಂದು ಮದುವೆಯಲ್ಲಿ ಊಟದ ಉಸ್ತುವಾರಿ ನೋಡಿಕೊಂಡಿದ್ದ. ಮೊದಲ ಪಂಕ್ತಿಯಲ್ಲಿ ಕೂತಿದ್ದ ದೊಡ್ಡಪ್ಪನನ್ನು "ಬೀಗರು ಬಂದಾರ, ನೀವು ಎರಡನೇ ಪಂಕ್ತಿಗೆ ಬರ್ರಿ" ಎಂದು ಎಬ್ಬಿಸಿಬಿಟ್ಟಿದ್ದ. ಎರಡನೇ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಅಂದಿನಿಂದ ಎರಡೂ ಮನೆಗಳಿಗೆ ಮಾತಿಲ್ಲ, ಕತೆಯಿಲ್ಲ.

ಶಿವರಾಯ ಆಣೆ ಮಾಡಿದ. ಹೆಸರು ಬದಲಿಸಲು ಅರ್ಧ ನಿಮಿಷ ಸಾಕು, ಬದುಕಿದೆ ಎಂದುಕೊಂಡ.

"ನಡಿ, ನಾನೂ ಬರ್ತೇನಿ," ಎಂದ ದೊಡ್ಡಪ್ಪ. "ನಿನ್ನ ಮ್ಯಾಲ ನನಗ ಭರೋಸಾ ಇಲ್ಲ."

ಹನ್ನೊಂದರ ಬಸ್ಸಿಗೆ ಊರಿಗೆ ಊರೇ ಕಳಿಸಲು ಬಂತು. ರೋಗಿ ಮನುಷ್ಯ, ಜೊತೆಗೆ ಇಂಥ ತಮ್ಮನ ಮಗ, ತಿರುಗಿ ಬರುತ್ತಾನೋ ಇಲ್ಲವೋ ಎಂದು ಒಬ್ಬೊಬ್ಬರೂ ದೊಡ್ಡಪ್ಪನ ಪಾದ ಮುಟ್ಟಿದರು. ಬಸ್ಸು ಹೊರಟಾಗ ಸುಂದರಬಾಯಿ ಬೆಳಗಿನ ಹಾಡನ್ನು ಮತ್ತೆ ಎತ್ತಿಕೊಂಡಳು, ಈ ಸಲ ಖಾಲಿ ಜಾಗದಲ್ಲಿ ಹೆಸರು ತುಂಬಿ.

ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತ. ಮೋಡ ಕವಿದು ಹೊಲಗಳೆಲ್ಲ ಕಪ್ಪಗೆ ಬಿದ್ದಿದ್ದವು.

"ಶಿವ್ಯಾ, ಆರು ತಿಂಗಳು ನೋಡೋಣ ಅಂದ್ರ ಏನಂತೀ ನೀ? ಓದಿದಾಂವ ಇದ್ದಿ, ಹೇಳು."

"ಆರು ತಿಂಗಳ ಬಿಟ್ಟು ಮತ್ತ ಬರ್ರಿ ಅಂತ ಇರಬೇಕ್ರಿ."

"ಮತ್ತ ಬರ್ರಿ ಅನ್ನಾಂವ ಮತ್ತ ಬರ್ರಿ ಅಂತಾನ. ನೋಡೋಣ ಅಂದಾನಂದ್ರ..." ಎಂದು ಅಂಗಿಯೊಳಗಿನ ಬಂಡಿಯ ಕಿಸೆಯಲ್ಲಿದ್ದ ಡಾಕ್ಟರ ಚೀಟಿಯನ್ನು ಮುಟ್ಟಿ ನೋಡಿಕೊಂಡ. ಅದು ದಿನಾ ಬಿಚ್ಚಿ ದಿನಾ ಮಡಚಿ ಹರಿಯುವಂತಾಗಿತ್ತು. ಈ ಮನುಷ್ಯನಿಗೆ ಹೆದರಿಕೆಯೂ ಆಗುತ್ತದೆ ಎಂಬುದು ಶಿವರಾಯನಿಗೆ ಆವತ್ತೇ ಗೊತ್ತಾದದ್ದು.

ಜೇವರ್ಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಎದುರಿಗೇ ದಾಲ್ ಮಿಲ್ಲು. ಮಿಲ್ಲಿನ ಸದ್ದು ಇಲ್ಲ. ಬಾಗಿಲು ಮುಚ್ಚಿದೆ. ಹಮಾಲರೆಲ್ಲ ಹೊರಗೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಹಸನಸಾಬ ಬೆಳಿಗ್ಗೆ ಬಂದು ತಂತಿಯ ಸುದ್ದಿ ಹೇಳಿದ್ದ. ಬಾಯಿಂದ ಬಾಯಿಗೆ ಹೋಗುವಾಗ ಅದರೊಳಗಿನ 'ನಾಟ್' ಎಲ್ಲೋ ಉದುರಿ ಬಿದ್ದಿತ್ತು.

ದೊಡ್ಡಪ್ಪ ಬಸ್ಸಿನಿಂದ ಇಳಿದದ್ದು ಕಂಡು ಇಬ್ಬರು ಹಮಾಲರು ಎದ್ದು ಓಡಿದರು. ಹಮಾಲರ ಮೇಲಿನ ಮುಕಾದಮ ಭಗವಂತ ಓಡಲಿಲ್ಲ. ಕೈಯಲ್ಲಿ ಒಂದು ದೊಡ್ಡ ಚೆಂಡುಹೂವಿನ ಮಾಲೆ.

"ಮಾಲಿ ಯಾರಿಗಿ ತಂದಿ ಭಗವಂತ?"

"ನಿಮಗ ರೀ, ಸಾಹುಕಾರ್ರ," ಎಂದು ಭಗವಂತ ತೊದಲಿದ. "ಅಂದ್ರ... ಹಾಂಗಲ್ರಿ..."

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾಲೆ ಇಸಿದುಕೊಂಡು ಮಡಚಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡ. "ಇರಲಿ. ಎಂಟು ದಿನದಾಗ ಬೇಕಾಗ್ತದ," ಎಂದ. ಅವನು ಬದುಕಿದ್ದಾನೆಂದು ಒಬ್ಬೊಬ್ಬರಿಗೂ ತೋರಿಸಿ, ಮಿಲ್ಲು ಶುರು ಮಾಡಿಸುವಷ್ಟರಲ್ಲಿ ಹನ್ನೆರಡೂವರೆಯ ಬಸ್ಸು ಹೋಗಿಬಿಟ್ಟಿತು. ಮುಂದಿನ ಬಸ್ಸು ಭೀಮಾ ಸೇತುವೆಯ ಮೇಲೆ ಎಮ್ಮೆಗಳ ಹಿಂಡಿನ ಹಿಂದೆ ಎಮ್ಮೆಯ ನಡಿಗೆಯಲ್ಲೇ ಸಾಗಿತು. ಕಾಲೇಜು ಮುಟ್ಟಿದಾಗ ಎರಡೂವರೆ.

ಗೌಸಮೊಹಿದ್ದೀನ ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಕಾಯುತ್ತಿದ್ದ. "ಎಲ್ಲಿ ಸತ್ತಿದ್ದೆಲೇ? ಧಾರವಾಡದಿಂದ ಪರೀಕ್ಷಕರು ಬಂದು ಪ್ರಿನ್ಸಿಪಾಲರ ಕೋಣ್ಯಾಗ ಚಹಾ ಕುಡಿಯಾಕತ್ತಾರ! ಇವ್ರು ಯಾರು?"

"ದೊಡ್ಡಪ್ಪ," ಎಂದ ಶಿವರಾಯ.

ಗೌಸ ದೊಡ್ಡಪ್ಪನ ಮೀಸೆ ನೋಡಿದ. ಪರದೆಯ ಮೇಲಿದ್ದ ಮೀಸೆ ನೋಡಿದ. "ಯಾ ಅಲ್ಲಾ," ಎಂದು ಪಕ್ಕಕ್ಕೆ ಸರಿದ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂಬುದು ದೊಡ್ಡಪ್ಪನಿಗೆ ಮೆಚ್ಚಿಗೆಯಾಯಿತು. ಏಸಿಯ ಗಾಳಿ ಮಾತ್ರ ಹಿಡಿಸಲಿಲ್ಲ. "ಇಷ್ಟು ಥಂಡಿ ಹೆಣ ಇಡೋ ಖೋಲ್ಯಾಗ ಇರ್ತದ," ಎಂದು ಕಂಬಳಿ ಎಳೆದುಕೊಂಡ. ಪರದೆಯ ಮೇಲೆ ಮೂರನೇ ಅಗಸಿ, ಅದರಲ್ಲಿ ಹಸಿರು ಮೀಸೆಯ ತಾನು. ಬಗ್ಗಿ ಬಗ್ಗಿ ನೋಡಿದ. "ಮೀಸಿ ಬರೋಬ್ಬರಿ ಬಂದದ," ಎಂದು ಒಪ್ಪಿಕೊಂಡ.

ಗೌಸ ರೋಗ ತೋರಿಸಿದ. ಆಟದ ಹುಡುಗ ಒಂದೊಂದು ಏಟು ಹಾಕಿದಂತೆ ರಾಕ್ಷಸನ ತಲೆಯ ಮೇಲಿನ ಅಂಕಿ ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಬಂದು ಸೊನ್ನೆಯಾಯಿತು. ಇನ್ನೊಂದು ಏಟಿಗೆ ಸಾಯುವ ಬದಲು ಅಂಕಿ ಸರ್‍ರನೆ ಇನ್ನೂರ ಐವತ್ತೈದಕ್ಕೆ ಏರಿತು. ನಾಯಿ, ಗೂಳಿಗೆ ಬರೆದಂತೆ ರಾಕ್ಷಸನಿಗೂ ಸೊನ್ನೆಗೆ ಸಾಯಬೇಕೆಂದು ಬರೆಯುವುದನ್ನೇ ಶಿವರಾಯ ಮರೆತಿದ್ದ. ಸೊನ್ನೆಯಲ್ಲಿ ಒಂದು ಕಳೆ ಎಂದರೆ ಆ ಯಂತ್ರ ಒಂದು ಸುತ್ತು ತಿರುಗಿ ತನ್ನ ಅತಿ ದೊಡ್ಡ ಅಂಕಿಗೆ ಹೋಗಿ ನಿಲ್ಲುತ್ತಿತ್ತು.

"ಪೂರಾ ಮುಗದ ಮ್ಯಾಗ ಮತ್ತ ಇನ್ನೂರ ಐವತ್ತೈದು?" ದೊಡ್ಡಪ್ಪನ ಧ್ವನಿ ಬದಲಾಗಿತ್ತು. "ಹ್ಯಾಂಗೋ ಅದು?"

"ತಪ್ಪಾಗಿ ಆಗೇದ್ರಿ."

"ತಪ್ಪಾದ್ರೂ ಆಗ್ತದಲ್ಲ," ಎಂದ ದೊಡ್ಡಪ್ಪ. ಆ ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಮನಷ್ಯಾರಿಗಿ ಹಾಂಗ ಯಾಕ ಆಗಂಗಿಲ್ಲೋ?"

ಎರಡೂ ಮುಕ್ಕಾಲು ಆಗಿತ್ತು. ಶಿವರಾಯ ಹೆಸರು ಅಳಿಸಿ 'ಮಹಾದೇವಪ್ಪ ನಿಂಬರ್ಗಾ' ಎಂದು ಬರೆದ. ಸೊನ್ನೆಯಾದರೆ ಸಾಯಲಿ ಎಂಬ ಸಾಲನ್ನೂ ಸೇರಿಸಲು ಹೊರಟ.

"ಅದು ಮಹಾದೇವಪ್ಪಗ," ಎಂದು ದೊಡ್ಡಪ್ಪ ಅವನ ಹೆಗಲು ಹಿಡಿದ. "ನನ್ನ ಸುದ್ದಿನೂ ಬರಿ. ದೊಡ್ಡಪ್ಪ ಸಾಯಂಗಿಲ್ಲಂತ ಬರಿ."

"ನೀವು ಈಗ ಆಟದಾಗ ಇಲ್ಲೇ ಇಲ್ರಿ!"

"ಇ‌ಲ್ಲದಿದ್ರ ಏನಾತು? ಬರದಿಟ್ರ ಚಲೋ. ಆಣಿ ಮಾಡಿದಿ ನೀ."

ವಾದ ಮಾಡಲು ಹೊತ್ತಿಲ್ಲ. ಶಿವರಾಯ ಬರೆದ: ಹೆಸರು ಮಹಾದೇವಪ್ಪನಾದರೆ ಸೊನ್ನೆಗೆ ಸಾಯಲಿ, ಹೆಸರು ದೊಡ್ಡಪ್ಪನಾದರೆ ಎಂದಿಗೂ ಸಾಯದಿರಲಿ. ದೊಡ್ಡಪ್ಪ ಹೊರಗೆ ಹೋದ ಮೇಲೆ ಆ ಎರಡನೇ ಸಾಲು ಅಳಿಸಿದರಾಯಿತು ಎಂದುಕೊಂಡಿದ್ದ. ದೊಡ್ಡಪ್ಪ ಹೋಗಲಿಲ್ಲ. ಒಂದೊಂದು ಅಕ್ಷರವನ್ನೂ ಗೌಸನಿಂದ ಓದಿಸಿ, ಅರ್ಥ ಹೇಳಿಸಿ, ಮತ್ತೊಮ್ಮೆ ಓದಿಸಿದ. ಹೊರಗೆ ಬೂಟಿನ ಸದ್ದು ಕೇಳಿದಾಗಲೇ ಎದ್ದು ಹೋಗಿ ವರಾಂಡದ ಬೆಂಚಿನ ಮೇಲೆ ಕೂತ. ಬಾಗಿಲಿನ ಗಾಜಿನಲ್ಲಿ ಅವನ ಅರ್ಧ ಮುಖ, ಒಂದು ಮೀಸೆ ಕಾಣುತ್ತಿತ್ತು.

ಪರೀಕ್ಷಕರು ಸಣಕಲು ಮನುಷ್ಯ, ದಪ್ಪ ಕನ್ನಡಕ. ಬಾಯಿ ಬಿಟ್ಟರೆ ಇಂಗ್ಲಿಷು. ಆಟ ಎಂದರೆ ಮೂಗು ಮುರಿಯುತ್ತಾರೇನೋ ಎಂದು ಶಿವರಾಯನಿಗೆ ಅಂಜಿಕೆಯಿತ್ತು. ಹಾಗಾಗಲಿಲ್ಲ. ಮೊದಲ ಅಗಸಿಯಲ್ಲಿ ನಾಯಿ ಸತ್ತಿತು, ಪರೀಕ್ಷಕರು "ಗುಡ್" ಎಂದರು. ಎರಡನೇ ಅಗಸಿಯಲ್ಲಿ ಗೂಳಿ ಸತ್ತಿತು, "ವೆರಿ ಗುಡ್" ಎಂದು ಕುರ್ಚಿ ಹತ್ತಿರ ಎಳೆದುಕೊಂಡು ತಾವೇ ಕೀಲಿಮಣೆ ಹಿಡಿದರು. ಗೌಸ ಮೇಜಿನ ಕೆಳಗೆ ಶಿವರಾಯನ ಕೈ ಚಿವುಟಿದ. ಪಾಸು! ಮಿಲ್ಲಿನ ಧೂಳು ಶಿವರಾಯನ ಕಣ್ಣಮುಂದಿನಿಂದ ಸರಿದು ಹೋಯಿತು.

ಮೂರನೇ ಅಗಸಿ ತೆರೆಯಿತು. ರಾಕ್ಷಸನ ತಲೆಯ ಮೇಲೆ ಹೆಸರು ಮಿನುಗಿತು. ಪರೀಕ್ಷಕರ ಕೈ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಅವರ ಬಾಯಿಂದ ಇಂಗ್ಲಿಷು ಬರಲಿಲ್ಲ.

"ತಮ್ಮಾ, ಯಾವೂರು ನಿಂದು?"

"ಇಜೇರಿ ರೀ ಸರ್."

"ಇಜೇರಿ ದೊಡ್ಡಪ್ಪ ಏನಾಗಬೇಕು ನಿನಗ?"

"ದೊಡ್ಡಪ್ಪ ಆಗಬೇಕ್ರಿ."

"ಹೆಸರಲ್ಲ, ಸಂಬಂಧ ಕೇಳಾಕತ್ತೇನಿ."

"ಸಂಬಂಧಾನೂ ದೊಡ್ಡಪ್ಪಾನs ರೀ."

ಪರೀಕ್ಷಕರು ನಿಧಾನವಾಗಿ ತಲೆಯಾಡಿಸಿದರು. "ನಾ ನಿಂಬರ್ಗಾದ ಮಹಾದೇವಪ್ಪನ ಮಗ. ಧಾರವಾಡದಾಗ ನೌಕರಿ, ಅಷ್ಟs. ಎಷ್ಟು ಏಟಿಗೆ ಸಾಯ್ತಾನ ನಮ್ಮಪ್ಪ?"

"ಹ... ಹತ್ತಕ್ರಿ ಸರ್." ಗೌಸ ಅಷ್ಟರಲ್ಲಿ ಮೇಜಿನಿಂದ ಎರಡು ಮಾರು ದೂರ ಸರಿದು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದ.

"ಒಂದು ಹೋಳಿಗಿ ಸಲುವಾಗಿ ಮೂವತ್ತು ವರ್ಷ ನಮ್ಮಪ್ಪಗ ಶಾಪ ಹಾಕಿದ. ಈಗ ಕಂಪ್ಯೂಟರಿನ್ಯಾಗೂ ಬಿಡವಲ್ಲ." ಅವರು ಕೀಲಿಮಣೆಯನ್ನು ಶಿವರಾಯನ ಕಡೆ ತಳ್ಳಿದರು. "ಹೆಸರು ಬದಲ್ ಮಾಡು. ಇಜೇರಿ ದೊಡ್ಡಪ್ಪ ಅಂತ ಹಾಕು. ನನ್ನ ಕೈಲೆ ಅಂವ ಸತ್ತರ ನೀ ಪಾಸು. ಇಲ್ಲದಿದ್ರ ಮನೀಗಿ ನಡಿ."

ಶಿವರಾಯ ಬಾಗಿಲಿನ ಕಡೆ ನೋಡಿದ. ಗಾಜಿನಲ್ಲಿ ಅರ್ಧ ಮುಖ. ವಿಭೂತಿಯ ತಂಪು ಇನ್ನೂ ಅಂಗೈಯಲ್ಲಿ ಇದ್ದ ಹಾಗಿತ್ತು. ಆ ಕಡೆ ಆಣೆ, ಈ ಕಡೆ ದಾಲ್ ಮಿಲ್ಲು. ಹೆಗಲ ಮೇಲೆ ಹೊತ್ತು ನಿಂತವನು. ಬಡಿಗೆ ಹಿಡಿದು ಕೂತವನು. ಹೇಳಲು ಬೇಸರ, ಆದರೂ ಹೇಳುತ್ತೇನೆ: ಶಿವರಾಯ ಕಣ್ಣು ಮುಚ್ಚಿ 'ದೊಡ್ಡಪ್ಪ' ಎಂದು ಬರೆದುಬಿಟ್ಟ.

ಪರೀಕ್ಷಕರು ಅಂಗಿಯ ತೋಳು ಮಡಚಿ ಹೊಡೆಯಲು ಕೂತರು. ಹತ್ತು, ಒಂಬತ್ತು, ಎಂಟು. ಸೊನ್ನೆ. ಇನ್ನೊಂದು ಏಟು. ಇನ್ನೂರ ಐವತ್ತೈದು!

ಶಿವರಾಯನಿಗೆ ಆಗ ನೆನಪಾಯಿತು, ಆ ಎರಡನೇ ಸಾಲು. "ಸರ್, ಒಂದs ಒಂದು ನಿಮಿಷ ಕೊಡ್ರಿ, ಒಂದು ಸಾಲು ಅಳಸ್ತೇನಿ..."

"ಕೈ ಹಚ್ಚಬ್ಯಾಡ!" ಪರೀಕ್ಷಕರು ಕೈಬಿಡಲಿಲ್ಲ. ಅಪ್ಪನ ಮೂವತ್ತು ವರ್ಷದ ಸಿಟ್ಟನ್ನೆಲ್ಲ ಒಂದೇ ಗುಂಡಿಯ ಮೇಲೆ ಇಳಿಸಿದರು. ಇನ್ನೂರ ಐವತ್ತೈದು ಏಟು ಹಾಕಿ ಮತ್ತೆ ಸೊನ್ನೆಗೆ ತಂದರು. ಏಸಿಯಲ್ಲೂ ಬೆವರು ಹರಿಯಿತು. ಮತ್ತೆ ಇನ್ನೂರ ಐವತ್ತೈದು. ಅದನ್ನೂ ಸೊನ್ನೆಗೆ ಇಳಿಸಿದರು, ಮತ್ತೆ ಅದೇ ಅಂಕಿ. ಹಸಿರು ಮೀಸೆ ಅಲ್ಲಾಡದೆ ಕೇಳಿತು, "ಎಲ್ಲಿಗೆ ಹೊಂಟಿ?"

ಕೊನೆಗೆ ಅವರು ಎದ್ದು, ಫಾರಂ ತುಂಬಿ, ಸಹಿ ಹಾಕಿ, ಠಸ್ಸೆ ಒತ್ತಿ, ಅದರ ಒಂದು ಪ್ರತಿ ಶಿವರಾಯನ ಕೈಗಿಟ್ಟು ಹೊರಟರು. ವರಾಂಡದಲ್ಲಿ ಬೆಂಚಿನ ಮೇಲೆ ಕೂತವನ ಮೀಸೆ ಕಂಡು ಒಂದು ಗಳಿಗೆ ನಿಂತರು. ಹಲ್ಲು ಕಚ್ಚಿ, "ಆರಾಮ ಅದೀರೇನು?" ಎಂದು ಕೇಳಿ ದುಡುದುಡು ಮೆಟ್ಟಿಲು ಇಳಿದರು.

"ಆ ಮೂಗು ಮಹಾದೇವಪ್ಪಂದು," ಎಂದ ದೊಡ್ಡಪ್ಪ. "ಮಗನೇನು? ಏನ್ ಮಾಡಿದ ಒಳಗ?"

ಶಿವರಾಯನಿಗೆ ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ನಿಮ್ಮ ಹೆಸರು ಹಾಕಿಸಿ ಹೊಡದ್ರಿ. ಐನೂರು ಏಟು ಹೊಡದ್ರಿ. ಹೆಸರು ಹಾಕಿದಾಂವ ನಾನs ರೀ. ಆಣಿ ಮುರದೇನಿ. ತಪ್ಪಾತು."

"ಐನೂರು? ಮತ್ತ ನಾ?"

ಶಿವರಾಯ ಕಾಗದ ಮುಂದೆ ಹಿಡಿದ. ಬೆಳಿಗ್ಗೆ ದತ್ತಪ್ಪ ಓದಿದ್ದ ಶಬ್ದಗಳೇ ಅಲ್ಲಿದ್ದವು. ಕನ್ನಡದಲ್ಲಿ ಹೇಳಿದ: "ದೊಡ್ಡಪ್ಪ ಸಾಯವಲ್ಲ. ಆರು ತಿಂಗಳ ಬಿಟ್ಟು ಮತ್ತ ತೋರಸ್ರಿ."

ದೊಡ್ಡಪ್ಪ ಕಾಗದ ಇಸಿದುಕೊಂಡ. ತಿರುಗಿಸಿ ನೋಡಿದ, ಠಸ್ಸೆಯ ಮೇಲೆ ಬೆರಳಾಡಿಸಿದ. "ಖರೇ ಹಿಂಗs ಬರದಾನೇನು? ಸಹಿ ಹಾಕ್ಯಾನೇನು? ಮಹಾದೇವಪ್ಪನ ಮಗಾ?" ಶಿವರಾಯ ಹೌದೆಂದು ತಲೆಯಾಡಿಸಿದ. ದೊಡ್ಡಪ್ಪನ ಕಣ್ಣಿನಿಂದ ನೀರು ಇಳಿದು ಮೀಸೆಯೊಳಗೆ ಹೋಯಿತು. ಬಂಡಿಯ ಕಿಸೆಯಿಂದ ಡಾಕ್ಟರ ಹಳೆಯ ಚೀಟಿ ತೆಗೆದು ಹರಿದು ಹಾಕಿ, ಆ ಜಾಗದಲ್ಲಿ ಈ ಕಾಗದ ಇಟ್ಟುಕೊಂಡ.

"ದೊಡ್ಡಪ್ಪಾ, ನಾ ಫೇಲ್ ಆದೇನ್ರಿ," ಎಂದ ಶಿವರಾಯ, ಅವನಿಗೆ ಇನ್ನೂ ತಿಳಿದಿಲ್ಲವೇನೋ ಎಂದುಕೊಂಡು.

"ಗೊತ್ತಾತು ಬಿಡಲೇ. ಆರು ತಿಂಗಳ ಮಿಲ್ಲಿನ್ಯಾಗ ಕೂಡು," ಎಂದು ದೊಡ್ಡಪ್ಪ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಎದ್ದುನಿಂತ. "ಪುಷ್ಯದಾಗ ಮತ್ತ ಬರೋಣ. ಹೊಡಸು, ಹಿಂಗs ಬರಸ್ಕೊಂಡು ಬಾ. ಆಷಾಢದಾಗ ಮತ್ತ ಬರೋಣ. ನಾ ಇರೂ ತನಕಾ ಬರೋಣ." ಆಮೇಲೆ ಬೆರಳು ಎತ್ತಿ, ಅಗಸಿಬಾಗಿಲಿನ ಹಳೆಯ ಧ್ವನಿಯಲ್ಲಿ ಅಂದ, "ನಡುವ ಪಾಸ್ ಗೀಸ್ ಆದೀ ಅಂದ್ರ ಕಾಲ್ ಮುರೀತೇನಿ ನೋಡು ಮತ್ತ!"

ಕೈಚೀಲದಿಂದ ಭಗವಂತನ ಚೆಂಡುಹೂವಿನ ಮಾಲೆ ತೆಗೆದು, ಪ್ರೀತಿಯಿಂದಲೇ ಶಿವರಾಯನ ಕೊರಳಿಗೆ ಹಾಕಿದ. ಜೇವರ್ಗಿ ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟ.